ಕೋಳಿಗೂಡಿನ ಹೊಟ್ಟು, ಹಿತ್ತಲ ತರಗೆಲೆ ಸೇರಿಸಿ ಕಾಂಪೋಸ್ಟ್ ಮಾಡೋದು ಹೇಗೆ

ನಾಲ್ಕು ನಾಟಿ ಕೋಳಿನೋ ಗಿರಿರಾಜನೋ ಸಾಕಿರೋ ಎಷ್ಟೋ ಮನೆಗಳಲ್ಲಿ ಒಂದು ಮೂಲೇಲಿ ಗೂಡಿಂದ ತೆಗೆದ ಹಿಕ್ಕೆ ಬೆರೆತ ಹೊಟ್ಟು ರಾಶಿ ಬಿದ್ದು ನಾತ ಹೊಡೀತಿರುತ್ತೆ, ಇನ್ನೊಂದು ಮೂಲೇಲಿ ಗುಡಿಸಿದ ಮಾವಿನೆಲೆ ಹಲಸಿನೆಲೆಗೆ ಬೆಂಕಿ ಇಟ್ಟಿರ್ತಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಇದಕ್ಕೆ ಬೇಕಾಗಿರೋದು ಅದರಲ್ಲೇ ಇದೆ. ಕೋಳಿ ಹಿಕ್ಕೇಲಿ ಸಾರಜನಕ ಜಾಸ್ತಿ, ಒಣಗಿದ ಎಲೇಲಿ ಇಂಗಾಲ ಜಾಸ್ತಿ. ಆ ಕಣ್ಣು ಮೂಗು ಉರಿಸೋ ಘಾಟು ಇದ್ಯಲ್ಲ, ಅದು ಅಮೋನಿಯಾ, ಗಿಡಕ್ಕೆ ಸೇರಬೇಕಿದ್ದ ಸಾರಜನಕ ಗಾಳಿಗೆ ಹೋಗ್ತಿದೆ ಅಂತ ಅರ್ಥ. ಅದನ್ನ ಹಿಡಿದಿಟ್ಕೊಳ್ಳೋಕೆ ಒಣ ಎಲೆ ಬೇಕೇ ಬೇಕು, ದಯವಿಟ್ಟು ಸುಡಬೇಡಿ.

ಗೂಡಿಂದ ತೆಗೆದಿದ್ದನ್ನ ಹಾಗೇ ಗಿಡದ ಬುಡಕ್ಕೆ ಸುರೀಲೂಬೇಡಿ. ಕೋಳಿ ಗೊಬ್ಬರ ಹೀಟು ಅಂತ ಹಳ್ಳಿ ಕಡೆ ಹೇಳೋದು ಸುಮ್ನೆ ಅಲ್ಲ, ಹಸಿ ಹಿಕ್ಕೇಲಿರೋ ಅಮೋನಿಯಾ ಮತ್ತೆ ಉಪ್ಪಿನಂಶಕ್ಕೆ ಬೇರು ಸುಟ್ಟು ಎಲೆ ಅಂಚು ಕಂದು ಆಗುತ್ತೆ, ಸಣ್ಣ ಸಸಿ ಆದ್ರೆ ಸತ್ತೇ ಹೋಗುತ್ತೆ. ಜೊತೆಗೆ ಅದರಲ್ಲಿ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಇರಬಹುದು, ಕೊತ್ತಂಬರಿ ಮೂಲಂಗಿ ಹಸಿಯಾಗಿ ತಿನ್ನೋ ಮನೆಗೆ ಅದು ಒಳ್ಳೇದಲ್ಲ.

ಅಳತೆ ವಿಷಯಕ್ಕೆ ಬರೋಣ. ಇಂಗಾಲ ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ರೆ ರಾಶಿ ಚೆನ್ನಾಗಿ ಬಿಸಿ ಏರಿ ಕೊಳೆಯುತ್ತೆ. ಬರೀ ಹಿಕ್ಕೇಲಿ ಅದು ಸುಮಾರು 10ಕ್ಕೆ 1, ಒಣ ಎಲೇಲಿ 50ಕ್ಕಿಂತ ಮೇಲೆ. ಲೆಕ್ಕ ಬೇಡ ಅನ್ನೋರು ಬುಟ್ಟಿ ಲೆಕ್ಕ ಇಟ್ಕೊಳ್ಳಿ: ಭತ್ತದ ಹೊಟ್ಟು ಹಾಸಿದ ಗೂಡಿನ ಕಸ ಒಂದು ಬುಟ್ಟಿ, ಒಣ ಎಲೆ ಎರಡು ಬುಟ್ಟಿ, ಹಸಿ ಹುಲ್ಲು, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಕೊಚ್ಚಿದ ಬಾಳೆ ದಿಂಡು ಇದ್ರೆ ಅರ್ಧ ಬುಟ್ಟಿ. ಗೂಡಿಗೆ ಮರದ ಪುಡಿ ಹಾಕ್ತೀರಾ ಅಂದ್ರೆ ಎಲೆ ಅರ್ಧಕ್ಕೆ ಇಳಿಸಿ, ಪುಡೀಲೇ ಇಂಗಾಲ ತುಂಬಾ ಇದೆ. ಭತ್ತದ ಹೊಟ್ಟಲ್ಲಿ ಸಿಲಿಕಾ ಇರೋದ್ರಿಂದ ಅದು ಬೇಗ ಕರಗಲ್ಲ, ಗೊಬ್ಬರ ಆದ್ಮೇಲೂ ಸಿಪ್ಪೆ ಸಿಪ್ಪೆಯಾಗಿ ಕಾಣುತ್ತೆ, ತೊಂದರೆ ಇಲ್ಲ, ಮಣ್ಣು ಸಡಿಲ ಆಗುತ್ತೆ. ತೆಂಗಿನ ಗರಿ, ದಪ್ಪ ಕಡ್ಡಿ ಕತ್ತರಿಸದೆ ಹಾಕಿದ್ರೆ ವರ್ಷ ಆದ್ರೂ ಹಾಗೇ ಇರುತ್ತೆ. ಬೀಜ ಕಟ್ಟಿದ ಪಾರ್ಥೇನಿಯಂ ಬೇಡ. ಕೊಕ್ಕರೆ ರೋಗನೋ ಇನ್ನೇನೋ ಬಂದು ಕೋಳಿ ಸತ್ತ ಗೂಡಿನ ಕಸವಂತೂ ಬೇಡವೇ ಬೇಡ.

ನೀರು ನಿಲ್ಲದ, ಅರೆ ನೆರಳಿರೋ ಜಾಗ ನೋಡಿ. ತಳಕ್ಕೆ ಒಂದು ಗೇಣು ಕಡ್ಡಿ ಕಸ ಹಾಸಿ, ಕೆಳಗಿಂದ ಗಾಳಿ ಆಡ್ಲಿ ಅಂತ. ಅದರ ಮೇಲೆ ಎಲೆ, ಕೋಳಿ ಕಸ, ಸೊಪ್ಪು ಪದರ ಪದರವಾಗಿ ಹಾಕ್ತಾ ಪ್ರತಿ ಪದರಕ್ಕೂ ನೀರು ಚಿಮುಕಿಸ್ತಾ ಹೋಗಿ, ಕೊನೇಲಿ ಮೇಲೆ ಎಲೆ ಮುಚ್ಚಿ. ಉದ್ದ ಅಗಲ ಎತ್ತರ ಮೂರು ಮೂರು ಅಡಿಗಿಂತ ಕಮ್ಮಿ ಇದ್ರೆ ಬಿಸಿ ನಿಲ್ಲಲ್ಲ. ಕಸ ಎತ್ತುವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಒಣ ಕೋಳಿ ಧೂಳು ಉಸಿರಾಟಕ್ಕೆ ಒಳ್ಳೇದಲ್ಲ. ವಾಸನೆ ಅಂತ ಸುಣ್ಣ ಎರಚ್ತಾರಲ್ಲ, ರಾಶಿಗೆ ಅದು ಬೇಡ, ಸುಣ್ಣ ಬಿದ್ರೆ ಅಮೋನಿಯಾ ಇನ್ನೂ ಜೋರಾಗಿ ಹೋಗುತ್ತೆ.

ನೀರು ಸರಿ ಇದ್ಯಾ ಅಂತ ನೋಡೋಕೆ ಗ್ಲೌಸ್ ಹಾಕ್ಕೊಂಡು ಒಳಗಿಂದ ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದೀಲಿ ಒಂದೆರಡು ಹನಿ ಬಂದು ಉಂಡೆ ನಿಂತ್ರೆ ಸರಿಯಾಗಿದೆ, ಧಾರೆ ಸುರಿದ್ರೆ ಒಣ ಎಲೆ ಬೆರೆಸಿ, ಪುಡಿಪುಡಿ ಉದುರಿದ್ರೆ ನೀರು ಹಾಕಿ. ಮಧ್ಯಕ್ಕೆ ಒಂದು ಕಬ್ಬಿಣದ ಸರಳು ಚುಚ್ಚಿ ಬಿಡಿ. ಎರಡು ಮೂರು ದಿನ ಬಿಟ್ಟು ಎಳೆದು ಮುಟ್ಟಿದ್ರೆ ಕೈ ಇಡೋಕಾಗದಷ್ಟು ಬಿಸಿ ಇರಬೇಕು. 55 ಡಿಗ್ರಿ ದಾಟಿ ಕನಿಷ್ಠ ಮೂರು ದಿನ ನಿಂತ್ರೆನೇ ರೋಗಾಣು, ಕಳೆ ಬೀಜ ಸಾಯೋದು, ಆದ್ರೆ ಹೊರಗಿನ ಭಾಗ ಅಷ್ಟು ಕಾಯಲ್ಲ, ಅದಕ್ಕೇ ವಾರಕ್ಕೊಮ್ಮೆ ಹೊರಗಿಂದು ಒಳಗೆ ಹೋಗೋ ಹಾಗೆ ಮಗುಚಬೇಕು. ನಾಲ್ಕೈದು ಸಲ ಮಗುಚಿ, ಆಮೇಲೂ ಬಿಸಿ ಏರದಿದ್ರೆ ಸುಮ್ನೆ ಮುಚ್ಚಿ ಒಂದು ತಿಂಗಳು ಮಾಗೋಕೆ ಬಿಡಿ. ಒಟ್ಟು ಎರಡೂವರೆ ಮೂರು ತಿಂಗಳು ಹಿಡಿಯುತ್ತೆ, ಅವಸರ ಮಾಡ್ಬೇಡಿ. ಮಧ್ಯದಲ್ಲಿ ಘಾಟು ಬಂದ್ರೆ ಒಣ ಎಲೆ ಸೇರಿಸಿ, ಕೊಳೆತ ಮೊಟ್ಟೆ ನಾತ ಬಂದ್ರೆ ಗಾಳಿ ಸಾಲ್ತಿಲ್ಲ, ಮಗುಚಿ.

ಮಲೆನಾಡು ಕರಾವಳಿ ಕಡೆ ಮಳೆಗಾಲದಲ್ಲಿ ಟಾರ್ಪಾಲ್ ಇಲ್ಲದೆ ಆಗೋ ಕೆಲಸ ಅಲ್ಲ ಇದು, ಸಾರ ಎಲ್ಲ ತೊಳೆದು ಹೋಗುತ್ತೆ. ತೆಂಗು ಇರೋರು ಇನ್ನೊಂದು ನೋಡ್ಕೋಬೇಕು, ಗೊಬ್ಬರದ ರಾಶಿ ಅಂದ್ರೆ ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿ ಮೊಟ್ಟೆ ಇಡೋ ಜಾಗ. ಮಗುಚುವಾಗ C ಆಕಾರದಲ್ಲಿ ಮುದುಡಿರೋ ದಪ್ಪ ಬಿಳಿ ಹುಳು ಸಿಕ್ರೆ ಆರಿಸಿ ಕೋಳಿಗೇ ಹಾಕಿ, ಜಗಳ ಆಡ್ಕೊಂಡು ತಿಂತಾವೆ.

ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಗೊಬ್ಬರ ರೆಡಿ. ಅನುಮಾನ ಇದ್ರೆ ಒಂದು ಕುಂಡಕ್ಕೆ ಅದನ್ನ ಅರ್ಧ, ಮಣ್ಣು ಅರ್ಧ ಹಾಕಿ ನಾಲ್ಕು ಹೆಸರುಕಾಳು ಬಿತ್ತಿ, ಮೊಳಕೆ ಸೊರಗಿದ್ರೆ ಇನ್ನೂ ಮಾಗಬೇಕು.

ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಟೊಮೇಟೊ, ಮೆಣಸಿನಕಾಯಿ, ಬದನೆ ನೆಡೋ ಗುಂಡಿಗೆ ಎರಡೆರಡು ಹಿಡಿ ಮಣ್ಣಲ್ಲಿ ಕಲಸಿ, ಹೂ ಬಿಡೋ ಹೊತ್ತಿಗೆ ಇನ್ನೊಂದು ಹಿಡಿ. ಬಾಳೆಗೆ ಧಾರಾಳವಾಗಿ ಕೊಡಿ, ತೆಂಗಿಗೆ ಕಾಂಡದಿಂದ ಮೂರಡಿ ದೂರ ಸುತ್ತ ಹರಡಿ ಮಣ್ಣು ಮುಚ್ಚಿ, ಯಾವ ಗಿಡಕ್ಕೂ ಕಾಂಡಕ್ಕೆ ತಾಗಿಸಬೇಡಿ. ಅವರೆ, ಅಲಸಂದೆಗೆ ಮಾತ್ರ ಕೈ ಬಿಗಿ ಹಿಡೀರಿ, ಜಾಸ್ತಿ ಆದ್ರೆ ಬಳ್ಳಿ ಸೊಂಪಾಗಿ ಹಬ್ಬುತ್ತೆ, ಕಾಯಿ ಬಿಡಲ್ಲ.