ದಸರಾ-ದೀಪಾವಳಿಗೆ ಊರಲ್ಲಿ ಒಬ್ಬರೇ ಇದ್ದೀರಾ? ಬನ್ನಿ ಎಲೆ ಹಿಡಿದು ಹೊರಡಿ

ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ, ಈ ಸಲ ರಜೆ ಇಲ್ಲ ಅಂತ ಫೋನ್ ಬಂದಿದೆ. ಅಥವಾ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೀರಿ, ಪರೀಕ್ಷೆ ಹತ್ತಿರ ಅಂತ ಊರಿಗೆ ಹೋಗಿಲ್ಲ. ಓಣಿ ತುಂಬ ಹಬ್ಬ, ನಿಮ್ಮ ಮನೆ ಮಾತ್ರ ಸುಮ್ಮನಿದೆ. ಇದು ತುಂಬ ಜನರಿಗೆ ಆಗುತ್ತದೆ, ಹೇಳಿಕೊಳ್ಳುವವರು ಕಡಿಮೆ ಅಷ್ಟೇ.

ಯಾರಾದರೂ ಕರೆಯಲಿ ಅಂತ ಕಾಯಬೇಡಿ. ಕರೆಯದವರು ಕೆಟ್ಟವರಲ್ಲ, ಅವರ ಮನೆಯಲ್ಲೂ ಗದ್ದಲ, ನೀವು ಊರಿಗೆ ಹೋಗಿರಬೇಕು ಅಂದುಕೊಂಡಿರುತ್ತಾರೆ.

ನಮ್ಮ ಉತ್ತರ ಕರ್ನಾಟಕದ ಕಡೆ ವಿಜಯದಶಮಿ ಸಂಜೆಯಷ್ಟು ಸುಲಭದ ದಿನ ಇನ್ನೊಂದಿಲ್ಲ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದರೆ ಸಾಕು, ವರ್ಷವಿಡೀ ಮಾತಾಡದವರ ಮನೆಗೂ ಹೋಗಬಹುದು, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಬೆಳಿಗ್ಗೆಯೇ ಮಾರ್ಕೆಟ್‌ನಲ್ಲಿ ಒಂದು ಕಟ್ಟು ಬನ್ನಿ ತಂದಿಟ್ಟುಕೊಳ್ಳಿ. ಮೂರ್ನಾಲ್ಕು ಮನೆ ಸಾಕು, ವಯಸ್ಸಾದವರು ಇರುವ ಮನೆಗೆ ಮೊದಲು ಹೋಗಿ ಕಾಲಿಗೆ ನಮಸ್ಕಾರ ಮಾಡಿ, ಹತ್ತು ನಿಮಿಷ ಕೂತು ಬನ್ನಿ. ನೀವೇ ಹಿರಿಯರಾಗಿದ್ದು ಓಡಾಡಲು ಆಗದಿದ್ದರೆ, ಬಾಗಿಲು ತೆರೆದಿಟ್ಟು ತಟ್ಟೆಯಲ್ಲಿ ಬನ್ನಿ, ಸಕ್ಕರೆ ಇಟ್ಟುಕೊಂಡು ಕೂಡಿ, ಓಣಿ ಹುಡುಗರು ತಾವಾಗಿಯೇ ಬರುತ್ತಾರೆ.

ಹೊರಡುವ ಮುಂಚೆ ಮುಂದಿನ ಭೇಟಿಗೆ ದಾರಿ ಮಾಡಿಕೊಳ್ಳಿ. "ಯಾವಾಗಾದ್ರೂ ಸಿಗೋಣ" ಅಂದರೆ ಅದು ಆಗುವುದಿಲ್ಲ. ಬದಲಿಗೆ ಫರಾಳದ, ಅಂದರೆ ದೀಪಾವಳಿ ತಿಂಡಿಯ, ಕೆಲಸ ಕೇಳಿ: "ವೈನಿ, ಫರಾಳ ಯಾವಾಗ ಮಾಡ್ತೀರಿ? ಚಕ್ಕುಲಿ ಒತ್ತಾಕ ನಾನೂ ಬರ್ತೀನಿ." ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ಸುಮ್ನೆ ಅತಿಥಿಯಾಗಿ ಕೂತರೆ ಸಂಕೋಚ ಜಾಸ್ತಿ, ಕೈಯಲ್ಲಿ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ, ಬರದಿದ್ದರೂ ಪರವಾಗಿಲ್ಲ. ಹೊಲ ಇರುವವರಾದರೆ ಐದು ದಿನಕ್ಕೆ ಬರುವ ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು (ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲಲು) ಜೊತೆಗೆ ಬರಲಾ ಅಂತ ಕೇಳಿ. ಹೊಲದ ಊಟಕ್ಕೆ ಜನ ಹೆಚ್ಚಾದಷ್ಟೂ ಅವರಿಗೆ ಖುಷಿ.

ಮನೆಗಳಿಗೆ ಹೋಗಲು ಮನಸ್ಸಾಗದಿದ್ದರೆ ದೇವಸ್ಥಾನ, ಮಠ ಇವೆ. ನವರಾತ್ರಿಯಲ್ಲಿ ದೇವಿ ಗುಡಿಗಳಲ್ಲಿ ಸಂಜೆ ಪುರಾಣ ಹಚ್ಚಿರುತ್ತಾರೆ, ಬೆಳಗಿನ ಜಾವ ಹೆಂಗಸರು ಗುಂಪಾಗಿ ಬನ್ನಿ ಮರದ ಪೂಜೆಗೆ ಹೋಗುತ್ತಾರೆ. ಗದಗಿನವರಿಗೆ ತೋಂಟದಾರ್ಯ ಮಠದ ವಾರದ ಶಿವಾನುಭವ ಉಪನ್ಯಾಸ ಇದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ಪಂಕ್ತಿಗೆ ಕೂಡುವವರನ್ನು ಯಾರು, ಎಲ್ಲಿಯವರು ಅಂತ ಕೇಳುವುದಿಲ್ಲ. ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹೋಗುತ್ತಿರಿ, ಮುಖ ಪರಿಚಯವಾಗಲು ಅಷ್ಟಾದರೂ ಬೇಕು.

ಈ ವರ್ಷ ಮನೆಯಲ್ಲಿ ಸಾವಾಗಿದ್ದರೆ ಮಾತು ಬೇರೆ. ಹಬ್ಬ ಮಾಡುವುದಿಲ್ಲ, ಬಾಣಲೆ ಇಡುವುದಿಲ್ಲ, ಹೋಗಬೇಕೋ ಬೇಡವೋ ಅಂತ ನೆರೆಯವರೂ ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ಅಂಥ ಮನೆ ನಿಮ್ಮ ಓಣಿಯಲ್ಲಿದ್ದರೆ ಒಂದು ಡಬ್ಬಿ ಅವಲಕ್ಕಿ ಚೂಡಾ, ನಾಲ್ಕು ಉಂಡಿ ಒಯ್ದು ಕೊಡಿ, ಕೂಡಿ, ಹೋದವರ ಹೆಸರು ತೆಗೆದು ಮಾತಾಡಿ. ಹೆಸರೆತ್ತಿದರೆ ಅಳುತ್ತಾರೆ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದೇ ಅವರನ್ನು ಇನ್ನಷ್ಟು ಒಂಟಿ ಮಾಡುತ್ತದೆ. ನಿಮ್ಮ ಮನೆಯಲ್ಲೇ ಹಾಗಾಗಿದ್ದರೆ, "ಬಂದು ಹೋಗ್ರಿ, ನಮಗ ಬೇಸರ ಇಲ್ಲ" ಅಂತ ಒಬ್ಬರಿಗಾದರೂ ಹೇಳಿಬಿಡಿ.

ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹಿರಿಯರಿಗೆ 14567 ಸಹಾಯವಾಣಿಯೂ ಇದೆ.

ದೀಪಾವಳಿ ಪಾಡ್ಯ ಮುಗಿದ ಮೇಲೆ ಎಲ್ಲ ತಣ್ಣಗಾಗುತ್ತದೆ, ಆಗಲೇ ಜಾಸ್ತಿ ಬೇಸರ. ಅದಕ್ಕೇ ಫರಾಳದ ಡಬ್ಬಿ ವಾಪಸ್ ಕೊಡಲು ಹೋದಾಗ ಎಳ್ಳಮಾವಾಸ್ಯೆಗೆ ಯಾರ ಹೊಲಕ್ಕೆ ಹೋಗುವುದು, ಬುತ್ತಿಗೆ ನೀವೇನು ಮಾಡಿ ತರಬೇಕು ಅಂತ ಕೇಳಿಕೊಂಡೇ ಬನ್ನಿ.