ಇವತ್ತು ವಾಲಿ, ನಾಳೆ ರಾಮ: ಒಬ್ಬ ಅಡಿಕೆ ತೋಟಿಗನ ಅನುಭವ

ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ತಾಳಮದ್ದಲೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರಿಗೆ ಒಂದು ರೂಢಿ ತಾನಾಗಿ ಬಂದುಬಿಡುತ್ತದೆ. ಇವತ್ತು ರಾಮನಾಗಿ ಕೂತು ಮರೆಯಿಂದ ಬಾಣ ಬಿಟ್ಟದ್ದನ್ನು ಸಮರ್ಥಿಸಿದವನೇ ಮುಂದಿನ ವಾರ ಇನ್ನೊಂದೂರಿನಲ್ಲಿ ವಾಲಿಯಾಗಿ ಕೂತು ಅದೇ ರಾಮನನ್ನು ತರಾಟೆಗೆ ತೆಗೆದುಕೊಳ್ಳಬೇಕು. ವಾಲಿಯ ಪ್ರಶ್ನೆ ಸಪ್ಪೆಯಾದರೆ ರಾಮನ ಉತ್ತರಕ್ಕೂ ಕಳೆ ಬರುವುದಿಲ್ಲ. ಶಿರಸಿ ಕಡೆಯ ಕೂಟಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿರುವ ನಾನು ಈ ರೂಢಿಯನ್ನು ತೋಟದ ಕೆಲಸಕ್ಕೂ ತಂದೆ. ಅದು ಹೇಗೆ ಅನ್ನುವುದಷ್ಟೇ ಇಲ್ಲಿರುವ ವಿಷಯ.

ನಾನು ಸಹಜ ಕೃಷಿಯವನು. ಅಂಗಡಿ ಗೊಬ್ಬರ ಬೇಡ, ಸಗಣಿ-ಗಂಜಲದ ಜೀವಾಮೃತ ಮತ್ತು ಬುಡಕ್ಕೆ ಸೊಪ್ಪಿನ ಹೊದಿಕೆ ಸಾಕು, ನಮ್ಮ ಹಿರಿಯರು ಹೊರಗಿನಿಂದ ಏನೂ ತರದೆ ತಲೆಮಾರುಗಟ್ಟಲೆ ತೋಟ ಉಳಿಸಿಕೊಂಡು ಬಂದಿದ್ದಾರೆ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಕಪಾಟಿನಲ್ಲಿದ್ದ ಪುಸ್ತಕ, ಫೋನಿನಲ್ಲಿದ್ದ ಗುಂಪು, ಹೋಗುತ್ತಿದ್ದ ಸಭೆ ಎಲ್ಲವೂ ಅದೇ ಪಂಥದವು. ಯಾರು ಏನು ಹೇಳಿದರೂ ಉಳಿದವರು ಹೌದೌದು ಎನ್ನುತ್ತಿದ್ದರು. ಅಲ್ಲಿ ವಾಲಿಯ ಪಾತ್ರಕ್ಕೆ ಜನವೇ ಇರಲಿಲ್ಲ.

ಎದುರು ಪಕ್ಷ ಹುಡುಕುವಾಗ ಕೂಗಾಡುವವರನ್ನು ಮೊದಲೇ ಬಿಟ್ಟೆ. ವಾಟ್ಸಾಪಿನಲ್ಲಿ ‘ಸಾವಯವ ಎಲ್ಲಾ ಬೋಗಸ್’ ಎಂದು ಬರೆಯುವವರನ್ನು ಸೋಲಿಸುವುದು ಸುಲಭ, ಆದರೆ ಅದರಿಂದ ಹಠ ಬೆಳೆಯುತ್ತದೆಯೇ ಹೊರತು ತಿಳಿವಳಿಕೆ ಅಲ್ಲ. ನಾನು ಆರಿಸಿಕೊಂಡದ್ದು ಎರಡು ಮೂಲ: ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದ ಶಿಫಾರಸು ಮತ್ತು ಬಯಲುಸೀಮೆಯ ಚನ್ನಗಿರಿ ಕಡೆ ರಸಗೊಬ್ಬರ ಹಾಕಿ ಅಡಿಕೆ ಬೆಳೆಯುವ ಒಬ್ಬ ಸ್ನೇಹಿತ. ಓದುವಾಗ ಮೈ ಉರಿಸಿದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿಡುತ್ತಿದ್ದೆ, ಮರುದಿನ ಅಲ್ಲಿಂದಲೇ ಓದು ಶುರು. ನನ್ನ ನಂಬಿಕೆಯಲ್ಲಿ ಸವೆದ ಜಾಗ ಎಲ್ಲಿದೆ ಎಂದು ಹೆಚ್ಚಾಗಿ ಆ ಗೆರೆಗಳೇ ತೋರಿಸಿದವು.

ಮೊದಲ ಗೆರೆ ಬಿದ್ದದ್ದು ಲೆಕ್ಕದ ಮೇಲೆ. ವಿಟ್ಲದವರು ಹೇಳುವುದು ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್, ಜೊತೆಗೆ 12 ಕೆಜಿ ಹಸಿರೆಲೆ, 12 ಕೆಜಿ ಕಾಂಪೋಸ್ಟ್. ಎಕರೆಗೆ 550 ಮರ ಹಿಡಿದರೆ ಸಾರಜನಕವೇ 55 ಕೆಜಿ ಆಯಿತು. ನನ್ನ 200 ಲೀಟರ್ ಜೀವಾಮೃತದ ಡ್ರಮ್ಮಿನಲ್ಲಿ ಇರುವುದು 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ ಸಾರಜನಕ ಕಾಲು ಕೆಜಿಯ ಆಸುಪಾಸು. ಅದು ಗೊಬ್ಬರವಲ್ಲ, ಮಣ್ಣಿನ ಜೀವಾಣುಗಳನ್ನು ಎಬ್ಬಿಸುವ ಹೆಪ್ಪು ಎಂದು ನಮ್ಮವರ ಉತ್ತರ. ಸಾರಜನಕದ ಮಟ್ಟಿಗೆ ಈ ಉತ್ತರ ಸ್ವಲ್ಪ ದೂರ ನಡೆಯುತ್ತದೆ. ದ್ವಿದಳ ಗಿಡಗಳ ಬೇರಿನ ಗಂಟು ಗಾಳಿಯಿಂದ ಅದನ್ನು ಹಿಡಿದು ಕೊಡುತ್ತದೆ. ಪೊಟ್ಯಾಶ್ ಗಾಳಿಯಲ್ಲಿಲ್ಲ. ಕೊನೆ (ಅಡಿಕೆ ಗೊನೆ) ಕೊಯ್ದು ಅಡಿಕೆ ಮಾರಿದಾಗ ಹೋದದ್ದು ಹೋಯಿತು, ಉಳಿದದ್ದನ್ನು ಮಲೆನಾಡಿನ ಮಳೆ ತೊಳೆಯುತ್ತದೆ.

ಆಮೇಲೆ ಚನ್ನಗಿರಿಯವರ ವಾದವನ್ನು ನನ್ನ ಕೈಯಾರೆ ಒಂದು ಪುಟ ಬರೆದು ಅವರಿಗೇ ಕಳಿಸಿದೆ. ‘ಇದು ನಿಮ್ಮ ಮಾತೇ ಹೌದೋ?’ ಎಂದು ಕೇಳಿದ್ದಕ್ಕೆ ‘ಇದ್ರಲ್ಲಿ ನನ್ನ ಮಾತಿಗಿಂತ ನಿಮ್ಮ ಕುಹಕಾನೇ ಜಾಸ್ತಿ ಐತೆ’ ಅಂದರು. ತಿದ್ದಿ ಕಳಿಸಿದೆ, ಮತ್ತೆ ವಾಪಸು ಬಂತು. ಅವರು ಒಪ್ಪುವ ಹಾಗೆ ಬರೆಯುವುದಕ್ಕೆ ಒಂದು ಪಾತ್ರಕ್ಕೆ ತಯಾರಾಗುವಷ್ಟೇ ಶ್ರಮ ಬೇಕಾಯಿತು. ಆ ನಡುವೆ ಒಮ್ಮೆ ಫೋನಿನಲ್ಲಿ ಅಂದರು: ‘ನಿಮಗೇನ್ ಹೆಗಡೇರೇ, ಬೆಟ್ಟ ಐತೆ. ನಮಗೇನೈತೆ?’

ನನ್ನನ್ನು ಬಹಳ ದಿನ ಕಾಡಿದ್ದು ಈ ಮಾತೇ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ತರುವ ಕಾಡಿನ, ಹಕ್ಕಿದೆ. ಬ್ರಿಟಿಷರ ಕಾಲದಿಂದ ದಾಖಲೆಯಲ್ಲಿರುವ ಸವಲತ್ತು ಇದು. ಮಳೆಗಾಲದ ಹಸಿಸೊಪ್ಪು, ಬೇಸಗೆಯ ದರಕು (ಉದುರಿದ ಒಣ ಎಲೆ) ಎಲ್ಲ ಅಲ್ಲಿಂದಲೇ ಬರಬೇಕು. ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಗೊಬ್ಬರವಾಗಿ ಅಡಿಕೆ ಬುಡ ಸೇರಬೇಕು. ಅಂದಮೇಲೆ ಹಿರಿಯರು ಹೊರಗಿನಿಂದ ಏನೂ ತರಲಿಲ್ಲ ಅನ್ನುವುದು ಯಾವ ಲೆಕ್ಕ? ಒಂದೆಕರೆಯ ಬೆಳೆಗೆ ಹತ್ತೆಕರೆಯ ಮಣ್ಣು ದುಡಿಯುತ್ತಿತ್ತು. ತೋಟದ ಬೇಲಿಯನ್ನೇ ಗಡಿ ಎಂದುಕೊಂಡವನಿಗೆ ಕಾಡು ಲೆಕ್ಕದಲ್ಲೇ ಬರುವುದಿಲ್ಲ. ಬಯಲುಸೀಮೆಯ ಕೊಳವೆಬಾವಿ ತೋಟದವರಿಗೆ ‘ನಮ್ಮ ಹಾಗೆ ಮಾಡಿ’ ಎಂದು ಉಪದೇಶ ಕೊಡುವುದನ್ನು ಅಂದಿನಿಂದ ನಿಲ್ಲಿಸಿದ್ದೇನೆ.

ಹಿರಿಯರ ಪದ್ಧತಿ ಎಂಬ ಮಾತಿನ ಬಗ್ಗೆ ಇನ್ನೊಂದು ತಮಾಷೆ ಹೇಳಬೇಕು. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣ ಹೊಡೆಯುವುದನ್ನು ನಮ್ಮ ಗುಂಪಿನ ಕಟ್ಟಾ ಸಾವಯವದವರೂ ಪರಂಪರೆ ಎಂದೇ ಭಾವಿಸುತ್ತಾರೆ. ಈ ಮಿಶ್ರಣ, ಅಂದರೆ ಬೋರ್ಡೋ ದ್ರಾವಣ, ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಅದನ್ನು ಅಡಿಕೆ ಕೊನೆಗೆ ಹೊಡೆಯಬಹುದೆಂದು ತೋರಿಸಿಕೊಟ್ಟವರು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅದಕ್ಕೂ ಹಿಂದಿನವರು ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು.

ಬರೀ ಓದಿ ಸುಮ್ಮನಿದ್ದರೆ ಅದೂ ಒಂದು ಚಟವಾಗುತ್ತದೆ. ಹಾಗಾಗಿ ಏನು ಕಂಡರೆ ಅಭಿಪ್ರಾಯ ಬದಲಿಸುತ್ತೇನೆ ಎಂದು ಮೊದಲೇ ಡೈರಿಯಲ್ಲಿ ಬರೆದಿಟ್ಟು ಮಣ್ಣು ಪರೀಕ್ಷೆಗೆ ಕೊಟ್ಟೆ. ಮೊದಲೇ ಬರೆದಿಡದಿದ್ದರೆ ಬಂದ ಫಲಿತಾಂಶಕ್ಕೆ ತಕ್ಕ ಸಮಜಾಯಿಷಿ ಹುಟ್ಟಿಸುವುದರಲ್ಲಿ ನಾನು ಗಟ್ಟಿಗ, ಅರ್ಥಧಾರಿಯಲ್ಲವೇ. ಸಾವಯವ ಇಂಗಾಲ ಚೆನ್ನಾಗಿತ್ತು, ಪೊಟ್ಯಾಶ್ ಕಡಿಮೆ. ಈಗ ತೋಟದ ಒಂದು ಭಾಗಕ್ಕೆ ಪೊಟ್ಯಾಶ್ ಕೊಡುತ್ತೇನೆ, ಯೂರಿಯಾ ಇಲ್ಲ. ಇನ್ನೊಂದು ಭಾಗ ಹಳೆಯ ಕ್ರಮದಲ್ಲೇ ಇದೆ. ಇದು ಗುಂಪಿನವರಿಗೂ ರುಚಿಸಿಲ್ಲ, ಗೊಬ್ಬರದಂಗಡಿಯವರಿಗೂ ರುಚಿಸಿಲ್ಲ. ಶ್ರೀಲಂಕಾ 2021ರ ಮೇ ತಿಂಗಳಲ್ಲಿ ರಸಗೊಬ್ಬರ ಆಮದು ನಿಲ್ಲಿಸಿ ನವೆಂಬರ್‌ನಲ್ಲಿ ನಿಷೇಧ ಹಿಂತೆಗೆದುಕೊಂಡದ್ದನ್ನು ಅವರು ಇವರ ಮೇಲೆ, ಇವರು ಅವರ ಮೇಲೆ ಎಸೆಯುತ್ತಿರುತ್ತಾರೆ. ಒಂದು ದೇಶವನ್ನು ಒಂದೇ ಹಂಗಾಮಿನಲ್ಲಿ ತಿರುಗಿಸಹೊರಟದ್ದು ಗೊಬ್ಬರದ ಪ್ರಶ್ನೆಗಿಂತ ಹೆಚ್ಚಾಗಿ ಅವಸರದ ಪ್ರಶ್ನೆ ಎಂದು ನನಗೆ ಕಾಣುತ್ತದೆ.

ಎದುರು ಪಕ್ಷ ಓದಿದ್ದಕ್ಕೆಲ್ಲ ಮನಸ್ಸು ಬದಲಾಯಿತೆಂದಲ್ಲ. ಕಳೆನಾಶಕದ ಪರವಾದ ವಾದವನ್ನೂ ಇಷ್ಟೇ ಶ್ರದ್ಧೆಯಿಂದ ಬರೆದು ನೋಡಿದೆ. ಆಳು ಸಿಗುವುದಿಲ್ಲ ಎಂಬ ಅವರ ಕಷ್ಟ ನಿಜ. ಆದರೆ ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಮರಕ್ಕೆ ಕಾಳುಮೆಣಸಿನ ಬಳ್ಳಿ ಬೇರೆ ಹಬ್ಬಿದೆ. ಬೇಡ ಎಂಬ ತೀರ್ಮಾನ ಹಾಗೇ ಉಳಿಯಿತು, ಕಾರಣ ಮಾತ್ರ ಮೊದಲಿಗಿಂತ ಸ್ಪಷ್ಟವಾಯಿತು.

ಈಗ ಮೇಜಿನ ಮೇಲಿರುವುದು ಅರಣ್ಯದ ಕಡೆಯವರ ವಾದ: ವರ್ಷವರ್ಷವೂ ಸೊಪ್ಪು ಸವರಿ, ದರಕು ಗುಡಿಸಿದರೆ ಬೆಟ್ಟದಲ್ಲಿ ಸಸಿ ಏಳುವುದಿಲ್ಲ, ಬೋಳಾಗುತ್ತದೆ ಅನ್ನುವುದು. ಪೆನ್ಸಿಲ್ ಗೆರೆಗಳು ಈ ಸಲ ಜಾಸ್ತಿ. ಅವರ ಪಾತ್ರದ ಅರ್ಥ ಬರೆಯಲು ಕೂತರೆ ಅರ್ಧ ಪುಟಕ್ಕೇ ಕೈ ನಿಲ್ಲುತ್ತಿದೆ.