ಮೂಳೆಯೊಳಗೆ ಸೇರಿದ್ದ ನಾಯಿಹುಳ

ನಾನು ಕೊಡಗಿನಲ್ಲಿ ಮೂಳೆ ಡಾಕ್ಟರ್. ಮರಗಸಿ (ತೋಟದ ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದವರು, ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿದವರು, ಇಂಥವರೇ ಜಾಸ್ತಿ ಬರುತ್ತಾರೆ. ಸಿದ್ದಾಪುರ ಕಡೆಯ ಲೈನ್‌ಮನೆಯಿಂದ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಿಂದ, ಬಂದ ಒಬ್ಬ ಕಾರ್ಮಿಕರದ್ದು ಬೇರೆ ಥರ. ಮೊಣಕಾಲ ಕೆಳಗೆ ವರ್ಷಗಟ್ಟಲೆ ನೋವು, ಸ್ವಲ್ಪ ಊತ, ಜ್ವರ ಇಲ್ಲ. ಬೇರೆ ಕಡೆ ಟಿಬಿ ಅಂತ ಮಾತ್ರೆ ಕೊಟ್ಟಿದ್ದರು, ಕಡಿಮೆಯಾಗಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆಯೊಳಗೆ ಗುಳ್ಳೆ ಗುಳ್ಳೆ ಟೊಳ್ಳು.

ಇಂಥ ಕಡೆ ಕೈ ಸೀದಾ ಬಯಾಪ್ಸಿ ಸೂಜಿಗೆ, ಅಂದರೆ ಪರೀಕ್ಷೆಗೆ ತುಣುಕು ತೆಗೆಯುವ ಸೂಜಿಗೆ, ಹೋಗುತ್ತದೆ. ನಾನು ಮೊದಲು ಊರು ಕೇಳಿದೆ.

"ಚಿತ್ರದುರ್ಗದ ಕಡೆ ಸಾರ್. ಚಿಕ್ಕಂದಿನಲ್ಲಿ ಕುರಿ ಕಾಯ್ತಿದ್ದೆ."

"ನಾಯಿ ಇತ್ತಾ?"

"ನಾಯಿ ಇಲ್ದೆ ಕುರಿ ಕಾಯೋಕಾಗುತ್ತಾ ಸಾರ್? ಜೊತೇಲೇ ಮಲಗೋದು."

ಹೈಡ್ಯಾಟಿಡ್, ಅಂದರೆ ನಾಯಿಹುಳದಿಂದ ಬರುವ ಗುಳ್ಳೆರೋಗ, ಇರಬಹುದು ಅನ್ನಿಸಿತು. ಎಕಿನೋಕಾಕಸ್ ಹುಳ ನಾಯಿಯ ಕರುಳಲ್ಲಿರುತ್ತದೆ, ಮಲದಲ್ಲಿ ಬಂದ ಮೊಟ್ಟೆ ಕೈಗೋ ನೀರಿಗೋ ಸೊಪ್ಪಿಗೋ ಸೇರಿ ನಮ್ಮ ಹೊಟ್ಟೆಗೆ ಹೋಗುತ್ತದೆ. ಸಾಮಾನ್ಯವಾಗಿ ಲಿವರ್, ಶ್ವಾಸಕೋಶದಲ್ಲಿ ಚೀಲ ಕಟ್ಟುತ್ತದೆ. ಮೂಳೆಗೆ ಬರುವುದು ನೂರಕ್ಕೆ ಹೆಚ್ಚೆಂದರೆ 4, ಅದರಲ್ಲೂ ಅರ್ಧದಷ್ಟು ಬೆನ್ನುಮೂಳೆಗೆ. ಮೂಳೆಯಲ್ಲಿ ಸುತ್ತ ಗೋಡೆ ಕಟ್ಟಿಕೊಳ್ಳದೆ ಸಂದುಗೊಂದಿನಲ್ಲೇ ನಿಧಾನವಾಗಿ ಹರಡುತ್ತದೆ, ಅದಕ್ಕೇ ಚಿಕ್ಕಂದಿನಲ್ಲಿ ಸೇರಿದ್ದು ನಡುವಯಸ್ಸಿನಲ್ಲಿ ಕಾಣಿಸುತ್ತದೆ.

ಈ ರೋಗ ಪತ್ತೆಗೆ ಮಾಡುವ ರಕ್ತಪರೀಕ್ಷೆ ಎಲೈಸಾ ನೆಗೆಟಿವ್ ಬಂತು. ಮೂಳೆಯ ಹೈಡ್ಯಾಟಿಡ್‌ನಲ್ಲಿ ಅದನ್ನೊಂದೇ ನಂಬಿ ಕೈಬಿಡಬಾರದು. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಸಣ್ಣ ಸಣ್ಣ ನೀರ್ಗುಳ್ಳೆಗಳು ಕಂಡವು. ಹೊಟ್ಟೆ, ಎದೆ ಸರಿಯಿದ್ದವು.

ಆಪರೇಷನ್‌ಗೆ ಮೊದಲೇ ಹುಳದ ಮಾತ್ರೆ ಆಲ್ಬೆಂಡಜೋಲ್ 400 ಎಂಜಿ ದಿನಕ್ಕೆ 2 ಸಲ ಶುರು ಮಾಡಿದೆ. "ಶಾಲೇಲಿ ಮಕ್ಕಳಿಗೆ ಕೊಡೋ ಮಾತ್ರೆ ಅಲ್ವಾ ಸಾರ್, ಒಂದು ಸಾಕಲ್ವಾ?" ಅಂದರು. ಅದೇ ಮಾತ್ರೆ, ಆದರೆ ತಿಂಗಳುಗಟ್ಟಲೆ ಬೇಕು. ಎಣ್ಣೆ, ತುಪ್ಪ ಇರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಮೈಗೆ ಸೇರುತ್ತದೆ. ಲಿವರ್ ಟೆಸ್ಟ್, ರಕ್ತಕಣಗಳ ಎಣಿಕೆ ಆಗಾಗ ನೋಡುತ್ತಲೇ ಇರಬೇಕು.

ಮೈಸೂರಿನಲ್ಲೇ ಆಪರೇಷನ್ ಮಾಡಿದೆವು. ಮೂಳೆ ತೆರೆದಾಗ ಬೇಯಿಸಿದ ಸಬ್ಬಕ್ಕಿಯ ಹಾಗೆ ಬೆಳ್ಳನೆ ಗುಳ್ಳೆಗಳು. ಒಂದು ಒಡೆದು ಚೆಲ್ಲಿದರೂ ಅಲ್ಲೇ ಮತ್ತೆ ಬೆಳೆಯಬಹುದು, ಜೋರು ಅಲರ್ಜಿಯಾಗಿ ಬಿಪಿ ಬಿದ್ದುಹೋಗಬಹುದು. ಅರಿವಳಿಕೆ ಡಾಕ್ಟರ್ ಅಡ್ರಿನಲಿನ್ ಎಳೆದಿಟ್ಟುಕೊಂಡೇ ಕೂತಿದ್ದರು. ಸುತ್ತ ಹುಳದ ಮರಿ ಸಾಯಿಸುವ 20% ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹಾಸಿ, ಕೆಟ್ಟ ಭಾಗದ ಜೊತೆ ಅಂಚಿನ ಒಳ್ಳೆ ಮೂಳೆಯನ್ನೂ ಸ್ವಲ್ಪ ತೆಗೆದು, ಮೂಳೆಗೆ ಹಾಕುವ ಸಿಮೆಂಟ್ ತುಂಬಿ ಪ್ಲೇಟ್ ಹಾಕಿದೆವು. ಪೆಥಾಲಜಿಯಲ್ಲಿ ಪದರ ಪದರದ ಪೊರೆ, ಹುಳದ ಕೊಕ್ಕೆಗಳು ಸಿಕ್ಕವು.

ಈಗ ಕೋಲಿಲ್ಲದೆ ತೋಟದ ಇಳಿಜಾರು ಹತ್ತುತ್ತಾರೆ. ವರ್ಷಗಳಾದ ಮೇಲೂ ಇದು ಮರುಕಳಿಸಬಹುದು, ಹಾಗಾಗಿ ಎಂಆರ್‌ಐ ಮಾಡಿಸುತ್ತಲೇ ಇರುತ್ತೇನೆ. ಲೈನ್‌ಮನೆಯ ನಾಯಿಗಳಿಗೆ ಹುಳದ ಮಾತ್ರೆ ಪ್ರಾಜಿಕ್ವಾಂಟೆಲ್ ಕೊಡಿಸಿ, ಕುರಿ ಕೊಯ್ದಾಗ ಹಸಿ ಲಿವರ್, ಶ್ವಾಸಕೋಶ ನಾಯಿಗೆ ಎಸೆಯಬೇಡಿ, ನಾಯಿಗೆ ಈ ಹುಳ ಸೇರುವುದೇ ಅದರಿಂದ ಅಂತ ತೋಟದ ಸಾಹುಕಾರರಿಗೂ ಹೇಳಿದ್ದೇನೆ.